ಎರಡನೆಯ ಕೀಲಿ

ಗಾಳಿಯ ದೋಷಗಳು ಒಟ್ಟು ನಾಲ್ಕು ಎಂದು ಬೋರ್ಡಿನ ಮೇಲೆ ಅಚ್ಚಾಗಿತ್ತು. ಸದ್ದು ಮಾಡುತ್ತದೆ. ಹಕ್ಕಿಗಳು ಗಾಳಿಯಂತ್ರದ ರೆಕ್ಕೆಗೆ ಸಿಕ್ಕಿ ಸಾಯುತ್ತವೆ. ಗುಡ್ಡದ ನೋಟ ಕೆಡುತ್ತದೆ. ಗಾಳಿ ನಿಂತರೆ ಕರೆಂಟೂ ನಿಲ್ಲುತ್ತದೆ. ಅವಳು ಮೂರನೆಯ ಸಲ ಓದಿದಳು, ಮೂರನೆಯ ಸಲವೂ ಮೈ ಉರಿಯಿತು. ಹಕ್ಕಿಗಳಿಗೆ ಬೋರ್ಡಿನಲ್ಲಿ ಜಾಗ ಸಿಕ್ಕಿತ್ತು. ಅವಳ ಸೋದರಮಾವನ ಬಲಗೈಗೆ ಸಿಕ್ಕಿರಲಿಲ್ಲ.

ಊರಾಚೆಯ ಗುಡ್ಡದಲ್ಲಿ ಇನ್ನು ಮುಂದೆ ಕರೆಂಟಿಗಾಗಿ ಏನು ಕಟ್ಟಬೇಕು ಎಂದು ಜನರನ್ನು ಕೇಳುವ ಸಭೆ ಅದು. ಸಭಾಂಗಣದಲ್ಲಿ ಮೂರು ಮೇಜು, ಮೂರು ಬೋರ್ಡು. ಬಿಸಿಲಿನ ಮೇಜಿನವನು ಒಂದು ಸೋಲಾರ್ ಫಲಕವನ್ನು ಕಿಟಕಿಗೆ ಒರಗಿಸಿ ಪುಟ್ಟ ಫ್ಯಾನು ತಿರುಗಿಸುತ್ತಿದ್ದ. ಮೋಡ ಬಂದಾಗಲೆಲ್ಲ ಫ್ಯಾನು ನಿಲ್ಲುತ್ತಿತ್ತು, ಅವನು ಬ್ಯಾಟರಿಯ ವಿಷಯ ಎತ್ತುತ್ತಿದ್ದ. ಆ ಬ್ಯಾಟರಿ ಸತ್ತ ಮೇಲೆ ಎಲ್ಲಿ ಬಿಸಾಡುತ್ತೀರಿ ಎಂದು ಯಾರೋ ಕೇಳಿದ್ದಕ್ಕೆ ನೀರು ಕುಡಿಯಲು ಹೋದವನು ಬೇಗ ತಿರುಗಿ ಬರಲಿಲ್ಲ. ನೀರಿನ ಮೇಜಿನಲ್ಲಿ ಥರ್ಮಾಕೋಲಿನ ಅಣೆಕಟ್ಟು ಸೋರಿ, ಕೆಳಗೆ ಬಕೆಟ್ ಇಟ್ಟಿದ್ದರು. ಅಣೆಕಟ್ಟಿನ ಹಿಂದೆ ಮುಳುಗುವ ಮನೆಗಳನ್ನು ನಕ್ಷೆಯಲ್ಲಿ ಸಣ್ಣ ಚುಕ್ಕೆಗಳಾಗಿ ಗುರುತಿಸಿದ್ದರು, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣವು. ದೋಷ ಹೇಳುವುದಕ್ಕೂ ಒಂದು ಜಾಣತನ ಬೇಕು, ಅದು ಮೂರು ಮೇಜಿನವರಿಗೂ ಇತ್ತು.

ಗಾಳಿಯ ಮೇಜಿಗೆ ಅವಳನ್ನು ನಿಲ್ಲಿಸಿದ್ದು ಅವಳು ಕೆಲಸ ಮಾಡುವ ಗಾಳಿ ಕಂಪನಿಯ ಮ್ಯಾನೇಜರು. ದಿನಾ ಗೋಪುರ ಹತ್ತಿ ಇಳಿಯುವ ಹೆಂಗಸು ಮಾತಾಡಿದರೆ ಜನ ನಂಬುತ್ತಾರೆ ಎಂಬ ಲೆಕ್ಕಾಚಾರ ಅವರದು. ಅವರ ಬಗಲಲ್ಲಿ ಒಂದು ನೀಲಿ ಫೈಲಿತ್ತು. ಅಪಘಾತದ ವರದಿ. ಸಭೆ ಮುಗಿದ ಕೂಡಲೇ ಅವಳು ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕಬೇಕಿತ್ತು. ಕೆಲಸಗಾರ ಬೀಗ ಹಾಕದೆ ಮೇಲೆ ಹತ್ತಿದ್ದ, ತಪ್ಪು ಅವನದೇ ಎಂದು ಅದರಲ್ಲಿ ಬರೆದಿತ್ತು.

ಮಾವ ಬೀಗ ಹಾಕದೆ ಹತ್ತಿದನಂತೆ. ಅವಳಿಗೆ ಆ ಕೆಲಸ ಕಲಿಸಿದವನೇ ಮಾವ. ಮೊದಲ ದಿನ ಗೋಪುರದ ಬುಡದಲ್ಲಿ ನಿಲ್ಲಿಸಿಕೊಂಡು ಹೇಳಿದ್ದ: ಮೇನ್ ಸ್ವಿಚ್ ಆರಿಸು, ಅದಕ್ಕೆ ನಿನ್ನ ಹೆಸರಿನ ಬೀಗ ಹಾಕು, ಎರಡು ಸಲ ಎಳೆದು ನೋಡು, ಕೀಲಿ ಕೊರಳಿಗೆ ಹಾಕಿಕೋ, ಆಮೇಲೆ ಹತ್ತು. ಒಂದು ಬೀಗಕ್ಕೆ ಒಂದೇ ಕೀಲಿ. ಹತ್ತಿದವನು ತಾನೇ ಇಳಿದು ಬಂದು ತೆಗೆಯುವ ತನಕ ದೇವರು ಬಂದರೂ ಯಂತ್ರ ತಿರುಗಬಾರದು.

ಆ ಪದ್ಧತಿ ಕೆಟ್ಟಿದ್ದು ಅವಳಿಂದ. ಹೋದ ವರ್ಷ ಒಂದು ಸಂಜೆ ಇಳಿದು ಬಂದವಳು ಬಸ್ಸು ತಪ್ಪುತ್ತದೆಂದು ಓಡಿದಳು. ಬೀಗ ಸ್ವಿಚ್ಚಿನಲ್ಲೇ ಉಳಿಯಿತು, ಕೀಲಿ ಅವಳ ಕೊರಳಲ್ಲಿ ಅಕ್ಕನ ಮನೆಗೆ ಹೋಯಿತು. ಎರಡು ದಿನ ಭರ್ಜರಿ ಗಾಳಿ ಬೀಸಿತು, ಆ ಯಂತ್ರ ಮಾತ್ರ ಸುಮ್ಮನೆ ನಿಂತಿತ್ತು. ಮ್ಯಾನೇಜರು ಬೈಯಲಿಲ್ಲ, ಮೇಲಿನವರಿಗೆ ಅವಳ ಹೆಸರನ್ನೂ ಬರೆಯಲಿಲ್ಲ. ಬದಲಿಗೆ ಎಲ್ಲರ ಬೀಗಕ್ಕೂ ಎರಡನೆಯ ಕೀಲಿ ಮಾಡಿಸಿ ತಮ್ಮ ಕೋಣೆಯ ಗೋಡೆಗೆ ಸಾಲಾಗಿ ನೇತುಹಾಕಿದರು. ಮಾವ ಒಬ್ಬನೇ ಬೇಡವೆಂದು ಜಗಳವಾಡಿದ. ಅವಳು ತಲೆ ತಗ್ಗಿಸಿ ಕೂತಿದ್ದಳು. ಯಾವ ಮುಖ ಇಟ್ಟುಕೊಂಡು ಬಾಯಿ ತೆರೆಯುವುದು?

ಮೂರು ವಾರದ ಹಿಂದೆ ಮಾವ ಒಬ್ಬನೇ ಮೇಲಿದ್ದ. ಮಧ್ಯಾಹ್ನ ಗಾಳಿ ಎದ್ದಿತು. ಬೀಗ ಇನ್ನೂ ಇದೆ ಎಂದು ಕಂಟ್ರೋಲ್ ರೂಮಿನವನು ಫೋನು ಮಾಡಿದ್ದಕ್ಕೆ ಮ್ಯಾನೇಜರು, ಇವನೂ ಮರೆತು ಹೋಗಿರಬೇಕು, ತೆಗೆದು ಹಾಕು ಅಂದರು. ಅವನು ಎರಡನೆಯ ಕೀಲಿಯಿಂದ ಬೀಗ ತೆಗೆದು ಸ್ವಿಚ್ ಹಾಕಿದ. ಯಂತ್ರದ ತಲೆ ಗಾಳಿಯ ಕಡೆಗೆ ಹೊರಳಿತು. ತಲೆಯನ್ನು ಹೊರಳಿಸುವ ಹಲ್ಲುಚಕ್ರಕ್ಕೆ ಮಾವ ಆಗ ಗ್ರೀಸು ಹಚ್ಚುತ್ತಿದ್ದ. ಆಸ್ಪತ್ರೆಯಲ್ಲಿ ಅವನ ಬಟ್ಟೆಗಳ ಜೊತೆ ಕೊರಳ ಕೀಲಿಯನ್ನೂ ಒಂದು ಕವರಿನಲ್ಲಿ ಹಾಕಿ ಅತ್ತೆಯ ಕೈಗೆ ಕೊಟ್ಟರು. ಬೀಗ ಮಾತ್ರ ಎಲ್ಲೂ ಸಿಗಲಿಲ್ಲ.

ಜನ ಕುರ್ಚಿಗಳಲ್ಲಿ ಕೂರುವಷ್ಟರಲ್ಲಿ ಮ್ಯಾನೇಜರು ಅವಳ ಹತ್ತಿರ ಬಂದು ಬೋರ್ಡಿನಲ್ಲಿ ಇರುವಷ್ಟನ್ನೇ ಹೇಳಿ, ಸಾಕು ಎಂದರು. ಅವಳು ಮಾವನ ವಿಷಯ ಎತ್ತಿದಳು.

"ಅದು ಇಲ್ಲಿಗೆ ತರೋ ವಿಷಯ ಅಲ್ಲಮ್ಮ," ಮ್ಯಾನೇಜರು ತಣ್ಣಗೆ ಹೇಳಿದರು. "ಜನ ಹೆದರಿಕೊಂಡು, ಇದೆಲ್ಲ ಬೇಡ, ಕಲ್ಲಿದ್ದಲೇ ಸಾಕು ಅಂದ್ಬಿಟ್ರೆ? ನಿಮ್ಮಪ್ಪನ್ನ ಒಂದ್ಸಲ ನೆನೆಸ್ಕೊಳ್ಳಿ. ಹೋದ ವರ್ಷ ನಾನು ನಿಮ್ಮ ಹೆಸರು ಬರೀಲಿಲ್ಲ, ಅದನ್ನೂ ನೆನೆಸ್ಕೊಳ್ಳಿ."

ಅಪ್ಪನ ಹೆಸರು ಎತ್ತದಿದ್ದರೆ ಅವಳು ಆ ದಿನವೂ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದಳೋ ಏನೋ. ಅಪ್ಪ ಇಪ್ಪತ್ತು ವರ್ಷ ಬಾಯ್ಲರಿಗೆ ಕಲ್ಲಿದ್ದಲು ತುಂಬಿದವನು. ಕೊನೆಯ ಎರಡು ವರ್ಷ ಮಲಗಲಾಗದೆ ಕುರ್ಚಿಯಲ್ಲಿ ಕೂತೇ ಕೆಮ್ಮಿದ. ಆಗಲೂ ಕಾರ್ಖಾನೆಯವರು ಅವನು ಬೀಡಿ ಸೇದುತ್ತಿದ್ದನೆಂದು ಬರೆದು ತಿಪ್ಪೆ ಸಾರಿಸಿದ್ದರು. ಅಪ್ಪ ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ಆ ಹೊಗೆಯ ಮೇಲಿನ ಸಿಟ್ಟಿಗೇ ಅವಳು ಗಾಳಿಯ ಕೆಲಸಕ್ಕೆ ಸೇರಿದ್ದು. ಇಲ್ಲಿ ಹೊಗೆಯೇನೋ ಇರಲಿಲ್ಲ, ಬರೆಯುವ ಕೈ ಮಾತ್ರ ಅದೇ.

ಅವಳು ಗಾಳಿಯ ಲಾಭಗಳನ್ನು ಹೇಳಿದಳು, ಒಂದೂ ಸುಳ್ಳಲ್ಲ. ನಾಲ್ಕು ದೋಷಗಳನ್ನೂ ಹೇಳಿದಳು. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಶಾಲಾಮೇಡಂ ಎದ್ದು ನಿಂತರು. "ದಿನಾ ಅದರ ಮೇಲೆ ಹತ್ತೋಳು ನೀನು. ಇಷ್ಟೇನಾ ಅದರ ತೊಂದರೆ?"

ಅವಳು ಮ್ಯಾನೇಜರ ಕಡೆ ನೋಡಲಿಲ್ಲ. ಮೇಜಿನ ಮೇಲಿದ್ದ ಮಾರ್ಕರ್ ತೆಗೆದುಕೊಂಡು ನಾಲ್ಕನೆಯ ಸಾಲಿನ ಕೆಳಗೆ ಐದು ಎಂದು ಬರೆದಳು. ಮುಂದೆ ಏನು ಬರೆಯಬೇಕೋ ತೋಚದೆ ಜನರ ಕಡೆ ತಿರುಗಿ, ತಾನು ಬೀಗ ಮರೆತ ಸಂಜೆಯಿಂದ ಶುರುಮಾಡಿದಳು. ತಪ್ಪು ತನ್ನದು ಎಂದಳು. ಗೋಡೆಯ ಮೇಲಿನ ಕೀಲಿಗಳ ಸಾಲು, ಫೋನಿನಲ್ಲಿ ಬಂದ ಮಾತು, ಕವರಿನಲ್ಲಿ ಬಂದ ಕೊರಳ ಕೀಲಿ, ಎಲ್ಲ ಹೇಳಿದಳು. ಮೈಕು ನಡುವೆ ಕೆಟ್ಟಿತು, ಅಥವಾ ಯಾರೋ ಕೆಡಿಸಿದರು. ಅವಳ ಗಂಟಲಿಗೆ ಆಗ ಮೈಕು ಬೇಕಾಗಿರಲಿಲ್ಲ.

"ಗಾಳಿ ಬೇಡ ಅಂತ ನಾನು ಹೇಳ್ತಾ ಇಲ್ಲ. ನನಗದು ಬೇಕು, ನಿಮಗಿಂತ ಜಾಸ್ತಿ ಬೇಕು. ಆದ್ರೆ ಒಳ್ಳೇ ಕರೆಂಟು ಅಂದ ತಕ್ಷಣ ಮನುಷ್ಯನ ಕೈ ಹೋಗಿದ್ದನ್ನ ಮುಚ್ಚಿಡಬಹುದಾ? ಬೀಗ ಹಾಕಿದೋನನ್ನ ಹಾಕಿಲ್ಲ ಅಂತ ಬರೀಬಹುದಾ? ಆ ಕೀಲಿಗಳು ಇವತ್ತೂ ಗೋಡೆ ಮೇಲಿವೆ."

ಅವು ಇನ್ನೂ ಇವೆಯೇ ಎಂದು ಶಾಲಾಮೇಡಂ ಮ್ಯಾನೇಜರನ್ನೇ ಕೇಳಿದರು. ಪರಿಶೀಲಿಸುತ್ತೇವೆ ಎಂದರು ಮ್ಯಾನೇಜರು. ಇವೆಯೋ ಇಲ್ಲವೋ ಎಂದು ಮೇಡಂ ಪಾಠ ಒಪ್ಪಿಸದ ಮಕ್ಕಳನ್ನು ಕೇಳುವ ದನಿಯಲ್ಲಿ ಮತ್ತೆ ಕೇಳಿದರು. ಇವೆ ಎಂದರು ಮ್ಯಾನೇಜರು. ಅವನ್ನು ತೆಗೆಯುವ ತನಕ ಗುಡ್ಡದ ಮಾತೇ ಬೇಡವೆಂದು ಹಿಂದಿನಿಂದ ಗದ್ದಲವೆದ್ದು, ಸಭೆ ಇನ್ನೊಂದು ದಿನಕ್ಕೆ ಮುಂದಕ್ಕೆ ಹೋಯಿತು. ಮ್ಯಾನೇಜರು ಹೊರಡುವಾಗ, ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಎಂದು ಅವಳಿಗಷ್ಟೇ ಕೇಳುವಂತೆ ಹೇಳಿದರು. ನೀಲಿ ಫೈಲನ್ನು ಅವಳು ಮುಟ್ಟಲೂ ಇಲ್ಲ.

ಹೊರಗೆ ಮೆಟ್ಟಿಲ ಹತ್ತಿರ ಕಂಟ್ರೋಲ್ ರೂಮಿನವನು ಕಾಯುತ್ತಿದ್ದ. ಮೂರು ವಾರದಲ್ಲಿ ಅವನು ಅರ್ಧ ಆಗಿದ್ದ. ಪ್ಯಾಂಟಿನ ಜೇಬಿನಿಂದ ಮಾವನ ಬೀಗ ತೆಗೆದು ಅವಳ ಅಂಗೈಯಲ್ಲಿಟ್ಟ. ಎರಡನೆಯ ಕೀಲಿ ಇನ್ನೂ ಅದರಲ್ಲೇ ಇತ್ತು. "ಎಸೆದುಬಿಡು ಅಂದ್ರು," ಎಂದ. "ಆಗ್ಲಿಲ್ಲ." ಅವನ ಕೆನ್ನೆಗೆ ಬಾರಿಸಬೇಕೆಂದು ಅವಳ ಕೈ ತುರಿಸಿತು. ಬಾರಿಸಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ.

ಅವಳು ಮಾವನ ಮನೆಗೆ ಹೋದಾಗ ಅವನು ಕಿಟಕಿಯ ಬಳಿ ಮಂಚದ ಮೇಲೆ ಕೂತಿದ್ದ. ಅತ್ತೆ ಅವನ ಅಂಗಿಯ ಬಲತೋಳನ್ನು ಮಡಚಿ ಪಿನ್ನು ಚುಚ್ಚುತ್ತಿದ್ದಳು. ಸಭೆಯಲ್ಲಿ ನಡೆದದ್ದನ್ನೆಲ್ಲ ಅವಳು ಹೇಳಿದಳು.

"ಆವತ್ತು ನಿನಗೆ ಎರಡು ಬಿಗಿಬೇಕಿತ್ತು ಕಣೇ," ಎಂದ ಮಾವ. "ಆದ್ರೆ ನೀನು ಮಾಡಿದ್ದು ಮರೆವು. ಅವರು ಮಾಡಿದ್ದು ಮರೆವಲ್ಲ."

ಅವಳು ಬೀಗವನ್ನು ಮಂಚದ ಮೇಲಿಟ್ಟಳು. ಮಾವ ಎರಡನೆಯ ಕೀಲಿಯನ್ನು ಎಡಗೈಯಿಂದ ಕಿತ್ತು ನೆಲಕ್ಕೆ ಹಾಕಿದ. ಬೀಗದ ಕೊಂಡಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಲು ಹೋದ. ಜಾರಿತು. ಮತ್ತೆ ಹೋದ. ಅತ್ತೆ ಕೈ ನೀಡಿದ್ದಕ್ಕೆ ಗುರಾಯಿಸಿದ. ಮೂರನೆಯ ಸಲ ಕೊಂಡಿ ಕೂತು, ಬೆರಳುಗಳಿಂದ ಒತ್ತಿದಾಗ ಟಕ್ಕೆಂದಿತು. ಅವನು ಬೀಗ ಹಿಡಿದು ಒಂದು ಸಲ ಎಳೆದು ನೋಡಿದ. ಆಮೇಲೆ ಇನ್ನೊಂದು ಸಲ ಎಳೆದು ನೋಡಿದ.