ಹೊರಗಿನ ಗುಂಪಿನ ಅಪ್ಪ

ಸೋದರಮಾವ ಸತ್ತ ಭಾವನ ಒಂದೊಂದೇ ಬೆರಳನ್ನು ಎತ್ತಿ ಹಿಡಿದು, ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಉಗುರ ಸಂದಿಯ ಹಸಿರು ಬಣ್ಣವನ್ನು ಉಜ್ಜುತ್ತಿದ್ದ.

"ಬಿಡು ಮಾವ, ಅದು ಹೋಗಲ್ಲ," ಎಂದಳು ಮಗಳು.

"ಇರ್ಲಿ ಬಿಡು. ಮೇಲೆ ಹೋದ ತಕ್ಷಣ ಕೈ ನೋಡಿ ಬಣ್ಣ ಬಳಿ ಅಂತ ಗೋಡೆ ತೋರಿಸ್ತಾರೆ. ಒಂದಿನ ಸುಮ್ನೆ ಕೂತವನಲ್ಲ ನಮ್ ಭಾವ."

ಬಾಗಿಲಲ್ಲಿ ಕೂತಿದ್ದ, ಅವನ ಜೊತೆ ಕೆಲಸ ಮಾಡುತ್ತಿದ್ದ ಪೇಂಟರುಗಳು ತಲೆ ತಗ್ಗಿಸಿ ನಕ್ಕರು. ಆ ನಗುವಿನ ನಡುವೆಯೇ ಬೀದಿಯಲ್ಲಿ ಕಾರೊಂದು ನಿಂತಿತು.

ಇಳಿದವನು ಅಪ್ಪಂದಿರ ಕೇಂದ್ರದ ಮುಖ್ಯಸ್ಥ. ಮಕ್ಕಳನ್ನು ಸಾಕುವ, ಹೆಂಡತಿಯೊಡನೆ ಬಾಳುವ ರೀತಿ ಕಲಿಸಿ, ಕೆಲಸವಿಲ್ಲದ ಗಂಡಸರಿಗೆ ಕೆಲಸ ಕೊಡಿಸುವ ಕೇಂದ್ರ ಅದು. ಅವನ ಹಿಂದೆ ಕ್ಯಾಮೆರಾದವನೊಬ್ಬ, ಕಂಕುಳಲ್ಲಿ ಬೆನ್ನಿಗೆ ಅಕ್ಷರ ಅಚ್ಚೊತ್ತಿದ ಹಳದಿ ಬನಿಯನ್ನುಗಳ ಕಟ್ಟು. ಹಿಂದಿನ ಸೀಟಿನಲ್ಲಿ ದಾನಿಗಳಿಬ್ಬರು ಗಾಜು ಏರಿಸಿಕೊಂಡೇ ಕೂತಿದ್ದರು.

"ನಮ್ಮ ಕೇಂದ್ರ ರೂಪಿಸಿದ ಅಪ್ಪ ಇವರು," ಎಂದು ಮುಖ್ಯಸ್ಥ ಹೆಣಕ್ಕೆ ಕೈಮುಗಿದ. ಮುಗಿದ ಕೈ ಇಳಿಸುವ ಮೊದಲೇ ಮಗಳ ಕಡೆ ವಾಲಿದ. "ಹೊರೋ ನಾಲ್ಕು ಜನ ಇದನ್ನ ಹಾಕ್ಕೊಳ್ಳಲಿ ತಂಗಿ. ನೀನು ಎರಡು ಮಾತು ಹೇಳು, ಕೇಂದ್ರ ಇಲ್ದಿದ್ರೆ ನಂಗೆ ಇಂಥ ಅಪ್ಪ ಸಿಕ್ತಿರಲಿಲ್ಲ ಅಂತ." ಆಮೇಲೆ ದನಿ ತಗ್ಗಿಸಿದ. "ನಿಮ್ ಯಜಮಾನ್ರು ಮನೇಲೇ ಇದಾರಂತೆ. ಈ ಸಲ ಚೀಟಿ ಗೀಟಿ ಏನಿಲ್ಲ. ಸೀದಾ ಒಳಗೆ, ಸೀದಾ ಕೆಲಸ."

ಅವಳು ಗಂಡನ ಕಡೆ ನೋಡಿದಳು. ಕಾರ್ಖಾನೆ ಮುಚ್ಚಿ ಕೆಲಸ ಹೋದ ಮೇಲೆ ಹಗಲು ಬೀದಿಗೆ ಮುಖ ತೋರಿಸದ ಮನುಷ್ಯ, ಆಗಲೇ ಕಟ್ಟು ಬಿಚ್ಚಿ ತನ್ನ ಅಳತೆಯದನ್ನು ಹುಡುಕುತ್ತಿದ್ದ.

*

ಅವಳು ಚಿಕ್ಕವಳಿದ್ದಾಗ ಕೇಂದ್ರ ಹೊಸದು. ಅದರಿಂದ ಉಪಯೋಗವಿದೆಯೋ ಇಲ್ಲವೋ ಅಳೆಯಬೇಕೆಂದು, ಹೆಸರು ಕೊಟ್ಟ ಅಪ್ಪಂದಿರನ್ನು ಚೀಟಿ ಎತ್ತಿ ಎರಡು ಪಾಲು ಮಾಡಿದ್ದರು. ಒಳಗಿನ ಗುಂಪಿಗೆ ಪ್ರಶ್ನೆಯ ಜೊತೆ ಪಾಠ, ಕೆಲಸ. ಹೊರಗಿನ ಗುಂಪಿಗೆ ಬರೀ ಪ್ರಶ್ನೆ.

"ಹೊರಗೆ ಬಿದ್ದೆ ಕಣೇ," ಎನ್ನುತ್ತ ಅಪ್ಪ ಮನೆಗೆ ಬಂದಿದ್ದ.

"ನಿಮ್ಮನ್ನ ಒಳಗೆ ಹಾಕಿದ್ರೆ ಅವರಿಗೇ ಕಷ್ಟ," ಎಂದಿದ್ದಳು ಅಮ್ಮ. ಆ ಕಾಲಕ್ಕೆ ಅವನ ಕುಡಿತ, ಕೂಗಾಟ ಹಾಗಿತ್ತು.

ಪ್ರಶ್ನೆ ಕೇಳಲು ಆಗಾಗ ಒಬ್ಬ ಹೆಂಗಸು ಬರುತ್ತಿದ್ದಳು. ಮನೆಯವರೆಲ್ಲ ಅವಳನ್ನು ಪ್ರಶ್ನೆ ಅಕ್ಕ ಎನ್ನುತ್ತಿದ್ದರು.

"ಕಳೆದ ವಾರ ಮಗಳ ಜೊತೆ ಕೂತು ಊಟ ಮಾಡಿದ್ರಾ?"

"ಇಲ್ಲ."

"ದಿನ ಹೇಗಿತ್ತು ಅಂತ ಅವಳನ್ನ ಕೇಳಿದ್ರಾ?"

ಅಪ್ಪ ಮೆಲ್ಲಗೆ, "ಹಾಗೆಲ್ಲ ಕೇಳ್ತಾರಾ?" ಎಂದ.

ಮಾರನೆಯ ರಾತ್ರಿ ತಟ್ಟೆ ಎಳೆದುಕೊಂಡು ಅವಳ ಪಕ್ಕ ಬಂದು ಕೂತ. ಒಂದು ತುತ್ತು ನುಂಗಿ, ಗೋಡೆ ನೋಡುತ್ತ, "ದಿನ ಹೇಗಿತ್ತು?" ಎಂದ. ಅವಳು ಹೆದರಿ ಅತ್ತಳು. ಅವನೂ ಹೆದರಿದ. ಮರುದಿನ ಮತ್ತೆ ಕೇಳಿದ. ಮನುಷ್ಯ ಬದಲಾಗುವುದಕ್ಕೆ ದೇವರು ಎಂಥೆಂಥ ಸಂದಿಯಲ್ಲಿ ಬೆಳಕು ಬಿಡುತ್ತಾನೋ, ಬಲ್ಲವರಾರು.

*

ಮುದುಕಿಯಾಗಿದ್ದ ಪ್ರಶ್ನೆ ಅಕ್ಕ ಕೋಲೂರಿಕೊಂಡು ಸಾವಿನ ಮನೆಗೆ ಬಂದಿದ್ದಳು. ಹಳದಿ ಬನಿಯನ್ನುಗಳನ್ನು ನೋಡಿ ಮುಖ ಕಿವುಚಿದಳು.

"ಒಳಗಿನ ಗಂಡಸರು ಪಾಠದಲ್ಲಿ ಹೇಳಿಕೊಟ್ಟಿದ್ದನ್ನೇ ನಂಗೆ ಒಪ್ಪಿಸ್ತಿದ್ರು ಮಗಳೇ. ದಿನಾ ಊಟ, ದಿನಾ ಮುದ್ದು. ಮನೆಗೆ ಹೋಗಿ ನೋಡಿದ್ರೆ ಹೆಂಡ್ತಿ ಕೆನ್ನೆ ಊದಿರೋದು. ನಿಮ್ಮಪ್ಪ ಮಾತ್ರ ಇಲ್ಲ ಅನ್ನೋದನ್ನ ಇಲ್ಲ ಅಂತಲೇ ಹೇಳ್ತಿದ್ರು. ನಾಚಿಕೆ ಪಡ್ತಿದ್ರು. ಕಡೆಗೆ ಹೆಂಡ್ತಿ ಮಕ್ಕಳನ್ನೂ ಕೇಳಿ ಲೆಕ್ಕ ಹಾಕಿದ್ರೆ ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ ಅಂತ ಬಂತು. ಅದಕ್ಕೆ ಈಗ ಹೊರಗಿನವರನ್ನೂ ತಮ್ಮವರೇ ಅಂತ ಸೇರಿಸ್ಕೊಂಡಿದಾರೆ."

"ಅಪ್ಪನಿಗೆ ಗೊತ್ತಿತ್ತಾ?"

"ಹೇಳಿದ್ದೆ. ಕೆಲಸ ಕೊಡುವಾಗ ನಾನು ನೆನಪಾಗ್ಲಿಲ್ಲವಾ ಅಂತ ನಕ್ಕುಬಿಟ್ರು."

ಅಷ್ಟರಲ್ಲಿ ಮುಖ್ಯಸ್ಥ ಕರೆದ. ಕಾರಿನ ಗಾಜು ನಾಲ್ಕು ಬೆರಳು ಇಳಿಯಿತು. ಕ್ಯಾಮೆರಾದವನು ಹೆಣದ ಕಾಲಿನ ಬಳಿ ಮಂಡಿಯೂರಿದ. ಹಳದಿ ತೊಟ್ಟು ನಿಂತ ಗಂಡನ ಕಣ್ಣು, ಎರಡೇ ಮಾತಲ್ವಾ, ಹೇಳಿಬಿಡು ಎಂದು ಬೇಡುತ್ತಿತ್ತು. ಮನೆಯಲ್ಲಿ ಒಲೆ ಉರಿಯುವುದು ಆ ಎರಡು ಮಾತಿನ ಮೇಲೆ ನಿಂತಿದೆ ಎಂದು ಅವಳಿಗೂ ಗೊತ್ತಿತ್ತು.

"ನಮ್ಮಪ್ಪನಿಗೆ ಈ ಕೇಂದ್ರ ಏನೂ ಕಲಿಸಲಿಲ್ಲ," ಎಂದಳು. "ಚೀಟೀಲಿ ಹೊರಗೆ ಬಿಟ್ಟಿದ್ರು. ಕೆಲಸ ಅಪ್ಪನೇ ಹುಡುಕಿಕೊಂಡ್ರು. ಅಪ್ಪ ಆಗೋದನ್ನೂ ಅವರೇ ಕಲಿತ್ರು, ತಪ್ಪಿ, ತಡವರಿಸಿ..." ಬೆಳಿಗ್ಗೆಯಿಂದ ತಡೆದ ಅಳು ಒಡೆಯಿತು.

ಮುಖ್ಯಸ್ಥ ಕ್ಯಾಮೆರಾದವನ ಕಡೆ ಬಗ್ಗಿದ. "ಅಳು ಬಂತಾ?"

"ಚೆನ್ನಾಗಿ ಬಂತು ಸಾರ್."

"ಸಾಕು. ಮಾತು ಆಮೇಲೆ ನಾವೇ ಹಾಕ್ಕೊಳ್ಳೋಣ." ಕಾರು ಹತ್ತುವ ಮೊದಲು ಅವಳ ಗಂಡನ ಭುಜ ತಟ್ಟಿದ. "ಸೋಮವಾರ ಬಂದ್ಬಿಡಿ."

ಸೋದರಮಾವ ಬೀದಿಗೆ ಉಗಿದ.

ಅವಳು ಗಂಡನ ಎದುರು ನಿಂತಳು. "ತೆಗೀರಿ ಅದನ್ನ."

"ಬಟ್ಟೆ ತಾನೇ? ಕೆಲಸ ಬೇಕಲ್ವಾ ನಮಗೆ?"

"ಬೇಕು. ನಮ್ಮಪ್ಪನ್ನ ಹೊರೋವಾಗ ಇದು ಬೇಡ."

ಅವನು ಒಳಗೆ ಹೋದ. ತೆಳ್ಳನೆಯ ಬಿಳಿ ಅಂಗಿ ತೊಟ್ಟು, ಗುಂಡಿಯನ್ನೆಲ್ಲ ಕೊರಳವರೆಗೆ ಹಾಕಿಕೊಂಡು ಹೊರಬಂದ. ಅವಳ ಜೀವಕ್ಕೆ ಸಮಾಧಾನವಾಯಿತು. ಪೇಂಟರುಗಳು ತಮಗೆ ಕೊಟ್ಟಿದ್ದ ಬನಿಯನ್ನುಗಳನ್ನು ಜಗಲಿಯ ಮೇಲೆಸೆದು ಹೆಗಲು ಕೊಟ್ಟರು. ಅವನೂ ಕೊಟ್ಟ.

ಏರು ದಾರಿ, ನೆತ್ತಿ ಸುಡುವ ಬಿಸಿಲು. ಅವಳು ಹಿಂದೆ ನಡೆಯುತ್ತಿದ್ದಳು. ಗಂಡನ ಬೆನ್ನು ಬೆವರಿ ಅಂಗಿ ಅಂಟಿಕೊಳ್ಳತೊಡಗಿತು. ಮೊದಲು ಕಂಡದ್ದು ಹಳದಿಯ ಛಾಯೆ. ದಿಬ್ಬದ ತುದಿಗೆ ಬರುವಷ್ಟರಲ್ಲಿ ಬಿಳಿಯ ಅಡಿಯಿಂದ ಒಂದೊಂದೇ ಅಕ್ಷರ ಮೇಲೆದ್ದು, ಹಿಂದೆ ಬರುವವರೆಲ್ಲ ಓದುವಷ್ಟು ಸ್ಪಷ್ಟವಾಗಿ ನಿಂತಿತು: ಆದರ್ಶ ಅಪ್ಪ.