ಪಾಲಿಶ್ ಕುಡಿದ ಬೂಟು

ಎಷ್ಟು ಬಳಿದರೂ ಬೂಟು ಮಿಂಚಲಿಲ್ಲ. ಗಂಟೆಯಪ್ಪ ಮತ್ತೊಮ್ಮೆ ಬಟ್ಟೆಯ ತುದಿಯಿಂದ ಕಂದು ಪಾಲಿಶ್ ತೆಗೆದು ಬೂಟಿನ ಮೂತಿಯ ಮೇಲೆ ಸುತ್ತಿ ಸುತ್ತಿ ತಿಕ್ಕಿದ. ಬಿರುಬೇಸಗೆಯ ನೆಲ ನೀರು ಕುಡಿದ ಹಾಗೆ ಅದು ಪಾಲಿಶ್ ಕುಡಿಯಿತು. ಹೊಳಪು ಮಾತ್ರ ಬರಲಿಲ್ಲ. "ಯಾವ ದರಿದ್ರ ಚರ್ಮಾನೋ ಇದು!" ಎಂದು ಬೈದು, ಬೂಟನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಕುದುರೆಗೂದಲಿನ ಬ್ರಷ್ಷನ್ನು ಎಡಕ್ಕೂ ಬಲಕ್ಕೂ ಬೀಸಿದ. ಸೋಲುವ ಜಾತಿಯವನಲ್ಲ ಅವನು. ಬೆಂಕಿ ಆರಿಸುವ ಗಾಡಿಯನ್ನು ಸರ್ವೀಸು ಪೂರ್ತಿ ಓಡಿಸಿದವನು. ಗಾಡಿಯ ಗಂಟೆಯನ್ನು ಕಿವಿ ತೂತಾಗುವಂತೆ ಬಾರಿಸುತ್ತಾನೆಂದು ಬೀದಿಯವರು ಇಟ್ಟ ಹೆಸರೇ ಗಂಟೆಯಪ್ಪ. ನಿವೃತ್ತಿಯಾದರೂ ಆ ಹೆಸರು ಉಳಿಯಿತು, ಬೂಟು ತಿಕ್ಕುವ ಚಟವೂ ಉಳಿಯಿತು.

ಬೆಳಗ್ಗೆ ಎದ್ದವನೇ ಮುಖ ತೊಳೆದು ಜಗಲಿಗೆ ಬಂದು ಕೂರುತ್ತಿದ್ದ. ಗೋಡೆಯ ಬುಡದಲ್ಲಿ ಮನೆಯವರ ಬೂಟು ಚಪ್ಪಲಿಗಳ ಸಾಲು. ಎಲ್ಲದರ ಮೂತಿಯೂ ಬೀದಿಯ ಕಡೆಗೆ. ಗಂಟೆ ಹೊಡೆದರೆ ಕಾಲು ತೂರಿಸಿ ಓಡುವ ಹಾಗಿರಬೇಕು ಎನ್ನುವುದು ಅಗ್ನಿಶಾಮಕ ಠಾಣೆಯ ಪಾಠ. ಠಾಣೆಯಲ್ಲಿ ಇನ್ನೊಂದು ಪಾಠವೂ ಇತ್ತು: ಬೂಟು ತಿಕ್ಕುವ ಸರದಿ ಬಂದವನು ತನ್ನ ಗಾಡಿಯವರದ್ದಷ್ಟೇ ತಿಕ್ಕಬೇಕು, ಪಕ್ಕದ ಗಾಡಿಯವನ ಬೂಟು ಮುಟ್ಟುವ ಹಾಗಿಲ್ಲ. ಮನೆಯಲ್ಲೂ ಅದೇ ಕಾನೂನು. ನೆಂಟರ ಬೂಟುಗಳು ಬಾಗಿಲಿನ ಇನ್ನೊಂದು ಬದಿಗೆ ಬಿದ್ದಿರಬೇಕು, ಅವುಗಳತ್ತ ಅವನು ತಿರುಗಿಯೂ ನೋಡುವುದಿಲ್ಲ. ಒಡಹುಟ್ಟಿದ ತಮ್ಮ ಬಂದು ವಾರವಿದ್ದು ದೂಳು ಹಿಡಿದ ಬೂಟಿನಲ್ಲೇ ವಾಪಸ್ಸು ಹೋಗಿದ್ದ. ಹಿರಿಯ ಮಗಳ ಗಂಡನ ಬೂಟು ಸಾಲಿಗೆ ಸೇರಿದ್ದು ಮೊಮ್ಮಗು ಹುಟ್ಟಿದ ಮೇಲೆ. ಅದೂ ಹೆಂಡತಿ ಜಗಳವಾಡಿದ್ದಕ್ಕೆ.

ಈಗ ಅವನ ಮೊಣಕಾಲುಗಳ ನಡುವೆ ಇದ್ದದ್ದು ಬಾಗಿಲಿನ ಇನ್ನೊಂದು ಬದಿಯ ಬೂಟು.

ಹೆಂಡತಿ ಚಹಾ ಹಿಡಿದು ಬಂದವಳು ಅಲ್ಲೇ ನಿಂತಳು. "ರೀ, ಏನ್ರೀ ಅದು ಕೈಲಿ?"

"ಕಾಣಲ್ವಾ? ಬೂಟು."

"ನನಗೆ ಕಾಣುತ್ತೆ. ನಿಮಗೆ ಕಾಣಲ್ವಲ್ಲ, ಅದಕ್ಕೇ ಕೇಳಿದೆ. ಅಯ್ಯೋ ದೇವರೇ, ಆ ಹುಡುಗಂದು! ಏನ್ ಬಳಿದ್ರಿ ಅದಕ್ಕೆ?"

"ಮೈಯೆಲ್ಲ ದೂಳು ಮೆತ್ಕೊಂಡಿತ್ತು. ಅಂಥ ಬೂಟಲ್ಲಿ ಮನುಷ್ಯ ಬಸ್ಸು ಹತ್ತೋದಾ?"

"ದೂಳಲ್ಲ ರೀ ಅದು. ಅದರ ಬಣ್ಣಾನೇ ಹಾಗೆ!"

ಗಂಟೆಯಪ್ಪ ಇನ್ನೊಂದು ಬೂಟನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ. ತೋಳುದ್ದ ದೂರ ಒಯ್ದ, ಹತ್ತಿರ ತಂದ. ಹೆಬ್ಬೆರಳಿನಿಂದ ಸವರಿದ. ಕಣ್ಣಿಗೆ ತಿಳಿಯದ್ದು ಬೆರಳಿಗೆ ತಿಳಿಯಿತು. ಕರುವಿನ ಕಿವಿಯ ಹಾಗೆ ಮೆತ್ತಗಿತ್ತು ಅದು. ಒಣಮಣ್ಣಿನ ಬಣ್ಣದ, ಮಖಮಲ್ಲಿನಂಥ ಬೂಟು. ತಿಕ್ಕಿದ ಬೂಟನ್ನು ಸವರಿದ. ಜಿಗುಟು ಮೇಣ ಬೆರಳಿಗೆ ಹತ್ತಿತು.

"ಮಗಳಿಗೆ ಹೇಳ್ಬೇಡ," ಅಂದ.

ಹೇಳುವ ಅಗತ್ಯವೇ ಬೀಳಲಿಲ್ಲ. ಮಗಳು ತಲೆ ಬಾಚಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು.

ಅವಳ ಕೆಲಸ ಪೇಟೆಯ ದೊಡ್ಡ ಬೂಟಿನ ಅಂಗಡಿಯಲ್ಲಿ. ಆ ಜೋಡಿಯನ್ನು ಅಲ್ಲೇ ಆರಿಸಿ, ಈ ಭೇಟಿಗೆಂದೇ ಹುಡುಗನಿಗೆ ಕೊಟ್ಟವಳೂ ಅವಳೇ. ಹುಡುಗ ಕನ್ನಡಕದ ಅಂಗಡಿಯವನು. ಮದುವೆಯ ಮಾತು ಕೇಳಲು ನಿನ್ನೆ ಸಂಜೆ ಬಂದಿದ್ದ. ಊಟಕ್ಕೆ ಕೂತಾಗ ಕೇಳಿದ, ಮರ್ಯಾದೆಯಿಂದಲೇ ಕೇಳಿದ. ಗಂಟೆಯಪ್ಪ ತಟ್ಟೆ ನೋಡುತ್ತ ಉಂಡು, ಕೈ ತೊಳೆದು, ಹೂಂ ಎನ್ನದೆ ಉಹೂಂ ಎನ್ನದೆ ಹೋಗಿ ಮಲಗಿದ್ದ. ಇವತ್ತು ಬೆಳಗಿನ ಬಸ್ಸಿಗೆ ಹುಡುಗ ಹೊರಡಬೇಕು. ಉತ್ತರ ಒಯ್ಯಬೇಕು. "ಅಪ್ಪ ಬೇಡ ಅಂದ್ರೆ ನಾನು ಅಳಲ್ಲಮ್ಮ. ಆದ್ರೆ ಏನೂ ಅನ್ನದೆ ಹಾಗೇ ಕೂತ್ರೆ ಮಾತ್ರ ನಾನು ಅಪ್ಪನ್ನ ಕ್ಷಮಿಸಲ್ಲ," ಎಂದು ಮಗಳು ತಾಯಿಗೆ ಹೇಳಿದ್ದಳು.

ಗಂಟೆಯಪ್ಪನಿಗೆ ಹುಡುಗನ ಮೇಲಿದ್ದ ಸಿಟ್ಟಿಗೆ ಕಾರಣ ಇಷ್ಟೇ. ಬೇಸಿಗೆಯಲ್ಲಿ ಮಗಳು ಅಪ್ಪನನ್ನು ಆ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋಗಿದ್ದಳು. ಹುಡುಗ ಗಲ್ಲ ಊರುವ ಯಂತ್ರದ ಮುಂದೆ ಕೂರಿಸಿ, ಗಾಜು ಬದಲಿಸಿ ಬದಲಿಸಿ, "ದೂರದ್ದು ಚೆನ್ನಾಗಿದೆ. ಹತ್ತಿರದ್ದು ಪೂರ್ತಿ ಹೋಗಿದೆ," ಅಂದುಬಿಟ್ಟ. "ಹೊಗೆಯೊಳಗೆ ಗಾಡಿ ಓಡಿಸಿದ ಕಣ್ಣು ಕಣಯ್ಯಾ ಇದು!" ಎಂದು ಗಂಟೆಯಪ್ಪ ಎದ್ದು ಬಂದಿದ್ದ. ಹುಡುಗ ಬಿಡಲಿಲ್ಲ, ಕನ್ನಡಕ ಮಾಡಿ ಮಗಳ ಕೈಲಿ ಕಳಿಸಿದ. ಅದು ಪೆಟ್ಟಿಗೆ ಸಮೇತ ರೇಡಿಯೋ ಪಕ್ಕದಲ್ಲಿ ದೂಳು ತಿನ್ನುತ್ತಿತ್ತು.

"ಅಪ್ಪಾ," ಅಂದಳು ಮಗಳು. "ಅದು ನುಬಕ್ ಅಪ್ಪ. ಚರ್ಮದ ಮೇಲ್ಮೈನ ಉಜ್ಜಿ ಉಜ್ಜಿ ಸಣ್ಣ ರೋಮ ಎಬ್ಬಿಸಿರ್ತಾರೆ. ದಿನಾ ಬೆಳಗಾದ್ರೆ ಗಿರಾಕಿಗಳ ಮುಂದೆ ಬಾಯಿ ಬಡ್ಕೋತೀನಿ, ನೀರು ಸೋಕಿಸಬೇಡಿ, ಪಾಲಿಶ್ ಹತ್ರಕ್ಕೂ ತರಬೇಡಿ ಅಂತ. ಊರಿಗೆಲ್ಲ ಹೇಳಿದೆ. ಮನೇಲಿ ಹೇಳಲಿಲ್ಲ ನೋಡು!"

"ಹೇಳಿದ್ರೂ ಕೇಳ್ತಿದ್ರಾ?" ಅಂದಳು ತಾಯಿ.

"ನೀನು ಸುಮ್ನಿರೇ. ಒಂದು ಒದ್ದೆ ಬಟ್ಟೆ ಕೊಡು, ಸೋಪು ಹಾಕಿ..."

"ಮುಟ್ಟಬೇಡ!" ಮಗಳು ಬೂಟನ್ನು ಕಿತ್ತುಕೊಂಡಳು. "ಯಾಕಪ್ಪಾ? ಯಾರದ್ದೂ ಮುಟ್ಟದವನು ಇವರದ್ದೇ ಯಾಕೆ ಮುಟ್ಟಿದೆ? ಅವರನ್ನ ಕಂಡ್ರೆ ಆಗಲ್ಲ ಅಂದ್ರೆ ಬಾಯಲ್ಲಿ ಹೇಳು, ಬೂಟು ಯಾಕೆ..." ಅವಳು ಗೋಡೆಯ ಬುಡದ ಸಾಲು ನೋಡಿದಳು. ಅಮ್ಮನ ಚಪ್ಪಲಿ, ತನ್ನ ಚಪ್ಪಲಿ, ಅಪ್ಪನ ಹಳೇ ಬೂಟು, ಅಕ್ಕ ಭಾವ ಬಂದಾಗ ಬೂಟು ಬಿಡಲೆಂದು ಇಟ್ಟ ಖಾಲಿ ಜಾಗ. ಕೈಲಿದ್ದ ಬೂಟು ನೋಡಿದಳು. ಆಮೇಲೆ ಅಪ್ಪನನ್ನು.

ಗಂಟೆಯಪ್ಪ ಪಾಲಿಶ್ ಡಬ್ಬಿಯ ಮುಚ್ಚಳ ಹಾಕುವುದರಲ್ಲೇ ಮುಳುಗಿದ್ದ. ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ.

ಮಗಳು ಅವನ ಪಕ್ಕದಲ್ಲಿ ಕೂತಳು. ದನಿ ಬೇರೆಯಾಗಿತ್ತು. "ಅಮ್ಮಾ, ಪೌಡರ್ ಡಬ್ಬಿ ತಾ. ಸ್ನಾನದ್ದು. ಮತ್ತೆ ನನ್ನ ಚೀಲದಿಂದ ಸಣ್ಣ ಬ್ರಷ್ಷು, ರಬ್ಬರು. ಕರೆಂಟಿನ ಕೆಟಲು ಇಲ್ಲಿಗೇ ತಂದು ನೀರಿಡು."

"ಅವನು ಎದ್ದುಬಿಟ್ರೆ?" ಅಂದ ಗಂಟೆಯಪ್ಪ.

"ಏಳಲಿ. ಅವರ ಬೂಟು ತಾನೆ."

ಮೊದಲು ಹಳೇ ಚಮಚದ ಬೆನ್ನಿನಿಂದ ಮೇಣವನ್ನು ಕೆರೆದಳು. ಒಣ ಬಟ್ಟೆಯಿಂದ ಒತ್ತಿ ಒತ್ತಿ ತೆಗೆದಳು, ತಿಕ್ಕಲಿಲ್ಲ. ಮೇಲೆ ಪೌಡರು ಸುರಿದು ಬೂಟನ್ನು ಹಿಟ್ಟಿನಲ್ಲಿ ಹೊರಳಿಸಿದಂತೆ ಬೆಳ್ಳಗೆ ಮಾಡಿದಳು. "ಸ್ವಲ್ಪ ಹೊತ್ತು ಬಿಡಬೇಕು. ಎಣ್ಣೆ ಎಲ್ಲ ಅದು ಕುಡಿಯುತ್ತೆ."

"ಎಲ್ಲ ಕುಡಿಯೋದೇ," ಗಂಟೆಯಪ್ಪ ಗೊಣಗಿದ. "ಬೂಟು ಪಾಲಿಶ್ ಕುಡಿಯುತ್ತೆ, ಪೌಡರು ಎಣ್ಣೆ ಕುಡಿಯುತ್ತೆ. ನನಗೊಬ್ಬನಿಗೇ ಚಹಾ ಆರಿ ಹೋಯ್ತು."

ಮಗಳಿಗೆ ನಗು ಬಂತು. ನಗಬಾರದೆಂದು ತುಟಿ ಕಚ್ಚಿಕೊಂಡಳು.

ಪೌಡರು ಕೊಡವಿದಾಗ ಅಡಿಯಲ್ಲಿ ಕಪ್ಪು ಕಂದು ಮಚ್ಚೆ ಹಾಗೇ ಇತ್ತು, ಜಿಗುಟು ಮಾತ್ರ ಕಡಿಮೆಯಾಗಿತ್ತು. ಮತ್ತೆ ಪೌಡರು, ಮತ್ತೆ ಕೊಡವುವುದು. ಆಮೇಲೆ ರಬ್ಬರಿನಿಂದ ಮಚ್ಚೆ ಉಜ್ಜುವುದು. ಆಮೇಲೆ ಕೆಟಲಿನ ಮೂತಿಯಿಂದ ಬರುವ ಆವಿಗೆ ಬೂಟನ್ನು ದೂರದಿಂದ ಹಿಡಿದು, ಬಿಸಿ ಇರುವಾಗಲೇ ಬ್ರಷ್ಷಿನಿಂದ ರೋಮವನ್ನು ಮೇಲಕ್ಕೆ ಎಬ್ಬಿಸುವುದು. ಮಗಳು ಆವಿಗೆ ಹಿಡಿದಳು, ಬ್ರಷ್ಷು ಅಪ್ಪನ ಕೈಗೆ ಕೊಟ್ಟಳು.

"ಮೆಲ್ಲಗಪ್ಪಾ! ಠಾಣೆ ಬೂಟಲ್ಲ ಇದು. ಮಗು ತಲೆ ಬಾಚೋ ಹಾಗೆ."

"ನಿನ್ನ ತಲೆ ಬಾಚಿದ್ದು ನಾನೇ ಕಣೇ ಮರಿ. ನಿಮ್ಮಮ್ಮ ಬಾಣಂತನಕ್ಕೆ ಹೋದಾಗ ನಿಮ್ಮಕ್ಕಂದು, ಆಮೇಲೆ ನಿಂದು."

"ಅದಕ್ಕೇ ಸ್ಕೂಲಲ್ಲಿ ಎಲ್ರೂ ನನ್ನ ಕಾಗೆ ಗೂಡು ಅಂತಿದ್ರು. ನೋಡು, ರೋಮ ಎದ್ದಿತಾ?"

"ಎದ್ದಿದೆ."

"ಎಲ್ಲಿ ಎದ್ದಿದೆ? ಅಂಟ್ಕೊಂಡೇ ಇದೆ. ಸರಿಯಾಗಿ ನೋಡಪ್ಪ."

"ನೋಡ್ತಾ ಇದೀನಲ್ಲ!"

ಹೆಂಡತಿ ಒಳಗೆ ಹೋಗಿ ಬಂದಳು. ಕನ್ನಡಕದ ಪೆಟ್ಟಿಗೆಯನ್ನು ಪಾಲಿಶ್ ಡಬ್ಬಿಯ ಪಕ್ಕ ಇಟ್ಟು, ಕೆಟಲಿಗೆ ಇನ್ನಷ್ಟು ನೀರು ಬೇಕೇನೋ ಎಂಬಂತೆ ಅದರ ಮುಚ್ಚಳ ಎತ್ತಿ ನೋಡುತ್ತ ನಿಂತಳು.

ಗಂಟೆಯಪ್ಪ ಪೆಟ್ಟಿಗೆಯನ್ನು ನೋಡಿದ. ಬೀದಿಯ ಕಡೆ ನೋಡಿದ. ಯಾರೂ ಇರಲಿಲ್ಲ. ಕನ್ನಡಕ ತೆಗೆದು, ಟೋಪಿ ಹಾಕಿಕೊಳ್ಳುವವನಂತೆ ಎರಡೂ ಕೈಯಿಂದ ಮುಖಕ್ಕೆ ಏರಿಸಿಕೊಂಡ.

ಬೂಟು ಥಟ್ಟನೆ ಹತ್ತಿರಕ್ಕೆ ಬಂತು. ಒಂದೊಂದು ರೋಮವೂ ಬೇರೆ ಬೇರೆಯಾಗಿ ಕಂಡಿತು. ಎಲ್ಲಿ ಮೇಣ ಕಟ್ಟಿದೆ, ಎಲ್ಲಿ ಬಿಟ್ಟಿದೆ, ಹೊಲಿಗೆಯ ಸಂದಿಯಲ್ಲಿ ಎಷ್ಟು ಕೂತಿದೆ, ಎಲ್ಲವೂ. ತನ್ನ ಉಗುರಿನ ಸಂದಿಯ ಪಾಲಿಶ್ಶೂ ಕಂಡಿತು. "ಛೆ," ಅಂದ. ಇಷ್ಟು ಚಂದದ ಬೂಟನ್ನು ಹೀಗೆ ಮಾಡಿದ್ದು ಆಗಷ್ಟೇ ಅವನಿಗೆ ಪೂರ್ತಿ ತಿಳಿಯಿತು. ತಲೆ ಎತ್ತಿದರೆ ಮಗಳ ಮುಖ. ಗಲ್ಲದ ಕೆಳಗೆ, ಚಿಕ್ಕಂದಿನಲ್ಲಿ ಇದೇ ಜಗಲಿಯಿಂದ ಬಿದ್ದ ಗಾಯದ ಕಲೆ. ಅದು ಮಾಸಿಹೋಗಿದೆ ಎಂದೇ ಅವನು ತಿಳಿದಿದ್ದ.

"ಕಣ್ಣ ಹತ್ರ ಈ ಗೆರೆ ಯಾವಾಗ ಬಂತೇ?"

"ನೀನು ಬೂಟು ನೋಡಪ್ಪ," ಅಂದಳು ಮಗಳು. ಆವಿ ತಾಗಿತೇನೋ, ಮುಖ ಬೇರೆ ಕಡೆ ತಿರುಗಿಸಿದಳು.

ಅವನು ಬಗ್ಗಿ ಕೆಲಸಕ್ಕೆ ತೊಡಗಿದ. ಹೊಲಿಗೆಯ ಸಂದಿಯನ್ನು ಬ್ರಷ್ಷಿನ ಒಂದೇ ಮೂಲೆಯಿಂದ ಬಿಡಿಸಿದ. ಮೂತಿಯ ಮೇಲೆ ಸಣ್ಣಗೆ, ಸಣ್ಣಗೆ. ರೋಮ ನಿಧಾನಕ್ಕೆ ತಲೆ ಎತ್ತಿತು. ಬಣ್ಣ ಮಾತ್ರ ಹಿಂದಕ್ಕೆ ಬರಲಿಲ್ಲ. ಜೋಡಿ ಬೂಟಿನ ಪಕ್ಕ ಇಟ್ಟರೆ ಇದು ಒಂದು ಮಳೆಗೆ ನೆನೆದ ಮಣ್ಣಿನ ಹಾಗೆ ಕಂಡಿತು.

ಆಗಲೇ ಹುಡುಗ ಹೊರಗೆ ಬಂದದ್ದು. ಬರಿಗಾಲು, ಹೆಗಲ ಮೇಲೆ ಚೀಲ. ಕೆಟಲು, ಪೌಡರು, ಬ್ರಷ್ಷು, ರಬ್ಬರು, ನಡುವೆ ಮೂವರು. ಗಂಟೆಯಪ್ಪನ ಮಡಿಲಲ್ಲಿ ತನ್ನ ಬೂಟು. ಮಗಳು ಏನೋ ಹೇಳಲು ಹೊರಟಳು. ಗಂಟೆಯಪ್ಪ ಕೈ ಅಡ್ಡ ಹಿಡಿದು ಎದ್ದು ನಿಂತ. ಮೇಲಧಿಕಾರಿಯ ಮುಂದೆ ನಿಂತಷ್ಟು ನೆಟ್ಟಗೆ.

"ನಿನ್ನ ಬೂಟು ಕೆಡಿಸ್ದೆ ಕಣಯ್ಯಾ. ನಾನೇ. ದೂಳು ಅಂದ್ಕೊಂಡು ಪಾಲಿಶ್ ಹೊಡೆದೆ. ಇವಳು ಇಷ್ಟಕ್ಕೆ ತಂದಿದಾಳೆ. ಪೂರ್ತಿ ಸರಿಹೋಗಲ್ಲ."

ಹುಡುಗ ಬೂಟನ್ನು ನೋಡಿದ. ಆಮೇಲೆ ಅವನ ಕಣ್ಣು ಬೂಟಿನಿಂದ ಮೇಲಕ್ಕೆ ಹೋಗಿ ಗಂಟೆಯಪ್ಪನ ಮುಖದ ಮೇಲೆ ನಿಂತಿತು. ಅಲ್ಲಿಂದ ಅಲುಗಲಿಲ್ಲ.

"ಬಲಗಡೆ ಸ್ವಲ್ಪ ಏರಿದೆ," ಅಂದ.

"ಏನು?"

"ಕನ್ನಡಕ. ವಾಲ್ತಾ ಇದೆ. ನಿಮ್ಮ ಒಂದು ಕಿವಿ ಮೇಲಿದೆ, ಅವತ್ತು ಅಳತೆ ತಗೊಳ್ಳೋಕೆ ಬಿಡಲಿಲ್ಲ ನೀವು."

"ನನ್ನ ಕಿವಿ ನೆಟ್ಟಗೇ ಇದೆ!"

"ಇಲ್ಲ ರೀ," ಅಂದಳು ಹೆಂಡತಿ. "ಮದುವೆ ದಿನಾನೇ ನೋಡಿದೀನಿ."

ಹುಡುಗ ಚೀಲ ಇಳಿಸಿ, "ಒಂದ್ನಿಮಿಷ ಕೂತ್ಕೊಳ್ಳಿ," ಅಂದ. ಗಂಟೆಯಪ್ಪ ಯಾಕೋ ಕೂತ. ಹುಡುಗ ಎರಡೂ ಕೈಯಿಂದ ಕನ್ನಡಕ ತೆಗೆದು, ಕಿವಿಗೆ ಸಿಕ್ಕಿಸುವ ಕಡ್ಡಿಯ ತುದಿಯನ್ನು ಕೆಟಲಿನ ಆವಿಗೆ ಹಿಡಿದ. ಬೂಟು ಹಿಡಿದಿದ್ದ ಅದೇ ಆವಿ. ಮೆತ್ತಗಾಯಿತೋ ಇಲ್ಲವೋ ಎಂದು ಬೆರಳಲ್ಲಿ ನೋಡಿ, ಒಂದಿಷ್ಟು ಬಗ್ಗಿಸಿ, ಊದಿ ಆರಿಸಿ, ಮತ್ತೆ ಮುಖಕ್ಕೆ ಹಾಕಿದ. ಕಿವಿಯ ಹಿಂದೆ ಬೆರಳಿಟ್ಟು ಕೂರಿಸಿದ. ಗಂಟೆಯಪ್ಪ ಕಣ್ಣು ಮಿಟುಕಿಸದೆ, ಕ್ಷೌರಕ್ಕೆ ಕೂತ ಹುಡುಗನ ಹಾಗೆ ಅಲುಗಾಡದೆ ಇದ್ದ.

"ಒತ್ತುತ್ತಾ?"

"ಇಲ್ಲ."

"ಬಸ್ಸಿಗೆ ಹೊತ್ತಾಯ್ತು," ಅಂದಳು ಮಗಳು.

"ಇರ್ಲಿ ಇರು," ಅಂದ ಗಂಟೆಯಪ್ಪ. ಅವನು ಉಳಿದ ಬೂಟನ್ನು ತೆಗೆದುಕೊಂಡ. ಪಾಲಿಶ್ ಕಾಣದ ಬೂಟು. ಬೆಳಕಿಗೆ ಹಿಡಿದು, ಸಣ್ಣ ಬ್ರಷ್ಷಿನಿಂದ ನಿಜವಾಗಿ ಇದ್ದ ದೂಳನ್ನು, ಒಂದೇ ದಿಕ್ಕಿಗೆ, ಮೂತಿಯಿಂದ ಹಿಮ್ಮಡಿಯವರೆಗೆ ಬಾಚಿದ. ಆತುರವೇನೂ ಇರಲಿಲ್ಲ. ಹುಡುಗ ಮೆಟ್ಟಿಲ ಮೇಲೆ ಬರಿಗಾಲಲ್ಲಿ ಕಾಯುತ್ತ ಕೂತ.

ಮುಗಿದಾಗ ಗಂಟೆಯಪ್ಪ ಬೂಟುಗಳನ್ನು ಹುಡುಗನ ಕೈಗೆ ಕೊಡಲಿಲ್ಲ. ಬಗ್ಗಿ, ಗೋಡೆಯ ಬುಡದಲ್ಲಿ ತನ್ನ ಹಳೇ ಬೂಟನ್ನು ಒಂದು ಗೇಣು ಸರಿಸಿ, ಅದಕ್ಕೂ ಮಗಳ ಚಪ್ಪಲಿಗೂ ನಡುವೆ ಅವನ್ನು ಇಟ್ಟ, ಒಂದು ಒಣಮಣ್ಣಿನ ಬಣ್ಣದ್ದು, ಒಂದು ನೆನೆದ ಮಣ್ಣಿನದ್ದು. ಕನ್ನಡಕ ಸರಿ ಮಾಡಿಕೊಂಡು, ಎರಡರ ಮೂತಿಯನ್ನೂ ಬೀದಿಯ ಕಡೆಗೆ ತಿರುಗಿಸಿದ.