ಅರ್ಧ ಗಡ್ಡದಲ್ಲಿ ಬಂದ ನೋಟಿಸು

ಅಂಚೆಯಣ್ಣನ ಎಡಗೆನ್ನೆ ನುಣ್ಣಗಾಗಿತ್ತು. ಬಲಗೆನ್ನೆಯ ಮೇಲೆ ಇನ್ನೂ ನೊರೆಯಿತ್ತು. ಕುರ್ಚಿಯಲ್ಲಿ ಕೂತೇ ಅವನು ಚೀಲಕ್ಕೆ ಕೈಹಾಕಿ ಉದ್ದನೆಯ ಲಕೋಟೆಯೊಂದನ್ನು ತೆಗೆದ. ಕ್ಷೌರಿಕ ಹಾವು ಕಂಡವನಂತೆ ಹಿಂದೆ ಸರಿದ.

"ಕೋರ್ಟಿನದು ಕಣೋ. ಸಹಿ ಹಾಕು."

"ನಾನು ಮುಟ್ಟಲ್ಲ. ತಗೊಂಡ್ರೆ ತಾನೆ ಕೇಸು? ನಮ್ಮಪ್ಪ ಸಾಯೋವರೆಗೂ ಒಂದೇ ಒಂದು ನೋಟಿಸು ತಗೊಳ್ಳಲಿಲ್ಲ."

ಹಿಂದಿನ ಬಾಗಿಲಲ್ಲಿ ಟವೆಲು ಒಣಹಾಕುತ್ತಿದ್ದ ಹೆಂಡತಿ ಅಲ್ಲಿಂದಲೇ ಅಂದಳು, "ಅದಕ್ಕೇ ಅಲ್ವಾ ಮಾವನವರ ಮನೆ ಹೋಗಿದ್ದು!"

"ನೀನು ಬೇಡ ಅಂದ್ರೆ 'ತೆಗೆದುಕೊಳ್ಳಲು ಒಪ್ಪಲಿಲ್ಲ' ಅಂತ ಬರೆದು ವಾಪಸ್ ಕಳಿಸ್ತೀನಿ," ಎಂದ ಅಂಚೆಯಣ್ಣ. "ಕೋರ್ಟು ಅದನ್ನ ನಿನಗೆ ತಲುಪಿದೆ ಅಂತ್ಲೇ ತಿಳ್ಕೊಳ್ಳುತ್ತೆ. ನೀನು ಹೋಗಲ್ಲ, ಎದುರಿನವರು ಹೋಗ್ತಾರೆ. ಅಂಗಡಿಗೆ ಬೀಗ. ಆಮೇಲೆ ನನ್ನ ಇನ್ನರ್ಧ ಗಡ್ಡ ಯಾರು ಮಾಡ್ತಾರೆ?"

ಹೆಂಡತಿ ಒದ್ದೆ ಕೈಯಲ್ಲೇ ಪೆನ್ನು ತಂದು ಗಂಡನ ಬೆರಳಿಗೆ ಸಿಕ್ಕಿಸಿದಳು. ಅವನು ಸಹಿ ಹಾಕಿದ. ಲಕೋಟೆ ಮಾತ್ರ ಒಡೆಯಲಿಲ್ಲ.

"ವಕೀಲರ ಹತ್ರ ಹೋದ್ರೆ ತಲೆ ಬೋಳಿಸ್ತಾರೆ."

"ಅದು ನಿನ್ನ ಕಸುಬು!" ಎಂದ ಅಂಚೆಯಣ್ಣ. "ಶನಿವಾರ ಗ್ರಂಥಾಲಯದ ಹಿಂದಿನ ಕೋಣೆಗೆ ಹೋಗು. ಲಾ ಕಾಲೇಜಿನ ಟೀಚರಮ್ಮ ಇರ್ತಾರೆ. ಒಂದು ಕಾಸೂ ಮುಟ್ಟಲ್ಲ."

ಶನಿವಾರ ಆ ಕೋಣೆಯಲ್ಲಿ ಆರು ಮೇಜುಗಳಿದ್ದವು. ಒಂದೊಂದಕ್ಕೂ ಒಬ್ಬ ವಿದ್ಯಾರ್ಥಿ. ಬಿಳಿಗೂದಲ, ದಪ್ಪ ಕನ್ನಡಕದ ಟೀಚರಮ್ಮ ಮೇಜಿನಿಂದ ಮೇಜಿಗೆ ಓಡಾಡುತ್ತಿದ್ದರು. ಅವರಿಗೆಂದು ಅಲ್ಲಿ ಕುರ್ಚಿಯೇ ಇರಲಿಲ್ಲ.

"ಪುಕ್ಕಟೆ ಔಷಧಿಗೆ ಗುಣ ಕಮ್ಮಿ," ಎಂದು ಕ್ಷೌರಿಕ ಪಕ್ಕದ ಮುದುಕಿಗೆ ಪಿಸುಗುಟ್ಟಿದ.

"ಯಾವ ಬೀದಿ ನಿಂದು ಮಗಾ?"

"ಬಣ್ಣದ ಕಾರ್ಖಾನೆ ಬೀದಿ."

"ಹಾಗಾದ್ರೆ ನೀನು ದಿನಾ ಕುಡಿಯೋದು ಇವರ ಪುಕ್ಕಟೆ ಔಷಧೀನೇ."

ಅವನ ಬಾಲ್ಯದಲ್ಲಿ ಆ ಬೀದಿಯ ನಲ್ಲಿಯಲ್ಲಿ ಕೆಂಪು ನೀರು ಬರುತ್ತಿತ್ತು. ಅಪ್ಪನ ಬಿಳಿ ಟವೆಲುಗಳೆಲ್ಲ ಗುಲಾಬಿ. ಮಕ್ಕಳ ಮೈತುಂಬ ಹುಣ್ಣು. ಒಂದು ದಿನ ನೀರು ತಿಳಿಯಾಯಿತು. ತಾನಾಗಿಯೇ ಆಯಿತೆಂದು ಅವನು ತಿಳಿದಿದ್ದ. ಮುದುಕಿಗೂ ಹಾಗೆಂದೇ ಹೇಳಿದ.

"ತಾನಾಗಿ ಏನಾಗುತ್ತೆ? ಬೀದಿಯೋರೆಲ್ಲರ ಪರವಾಗಿ ಇವರು ಆ ಕಾರ್ಖಾನೆ ಮೇಲೆ ಕೇಸು ಹಾಕಿದ್ರು. ಹನ್ನೊಂದು ವರ್ಷ! ಬೆಳಿಗ್ಗೆ ಪಾಠ, ಮಧ್ಯಾಹ್ನ ಕೋರ್ಟು, ಶನಿವಾರ ಇಲ್ಲಿ. ಆ ನೀರನ್ನೇ ಸೀಸೆಗೆ ತುಂಬಿ ಜಡ್ಜ್ ಮುಂದೆ ಇಟ್ಟಿದ್ರು."

ಹನ್ನೊಂದು ವರ್ಷ. ಆ ತಿಳಿನೀರಲ್ಲೇ ಅವನ ಇಬ್ಬರು ಮಕ್ಕಳು ಬೆಳೆದಿದ್ದರು. ಈ ಹೆಂಗಸಿನ ಹೆಸರನ್ನೂ ಅವನು ಕೇಳಿರಲಿಲ್ಲ. ಟೀಚರಮ್ಮ ಹತ್ತಿರ ಬಂದಾಗ ಅವನು ತನಗೇ ಗೊತ್ತಿಲ್ಲದೆ ಎದ್ದು ನಿಂತ.

"ಕೂತ್ಕೊಳ್ಳಪ್ಪ. ನೀನೇ ಒಡೆದು ಓದು."

ಓದಿದ. ಬಾಡಿಗೆಗೆ ಕೊಟ್ಟ ಅಂಗಡಿ ಆರು ತಿಂಗಳಿಂದ ಮುಚ್ಚಿದೆ, ಅದಕ್ಕೇ ಖಾಲಿ ಮಾಡಿಸಿಕೊಡಿ ಎಂದು ಕಟ್ಟಡದ ಹೊಸ ಮಾಲೀಕ ಕೇಳಿದ್ದ. ವಿಚಾರಣೆ ಸೋಮವಾರವೇ ಇತ್ತು.

"ಸುಳ್ಳು! ದಿನಾ ಆರಕ್ಕೆ ಬಾಗಿಲು ತೆಗೀತೀನಿ!"

"ನನಗೆ ಹೇಳಿದ್ರೆ ಏನು ಬಂತು? ಕೋರ್ಟಿಗೆ ಹೇಳು. ಇಲ್ದಿದ್ರೆ ಈ ಸುಳ್ಳೇ ದಾಖಲೆ ಆಗುತ್ತೆ. ಆ ಮುಚ್ಚಿದ ಅಂಗಡೀಲಿ ಗಡ್ಡ ಮಾಡಿಸ್ಕೊಂಡೋರು ಯಾರಾದ್ರೂ ಇದಾರಾ?"

"ಈ ನೋಟಿಸು ತಂದೋನೇ ಇದಾನಲ್ಲಮ್ಮಾ!"

ಕೋಣೆಯೆಲ್ಲ ನಕ್ಕಿತು. ವಿದ್ಯಾರ್ಥಿನಿಯೊಬ್ಬಳು ಕೋರ್ಟಿಗೆ ಕೊಡುವ ಉತ್ತರ ಬರೆದಳು. ಟೀಚರಮ್ಮ ಅದರಲ್ಲಿ ಎರಡು ಸಾಲು ಹೊಡೆದುಹಾಕಿದರು. "ಅಲಂಕಾರ ಬೇಡ ಮಗಳೇ. ಅವನು ಹೇಳಿದ್ದಷ್ಟೇ ಇರಲಿ."

ಸೋಮವಾರ ಕೋರ್ಟಿನಲ್ಲಿ ಟೀಚರಮ್ಮನೂ ಅವನ ಜೊತೆಗೆ ನಿಂತರು. ಆಮೇಲೊಂದು ದಿನ ಅಂಚೆಯಣ್ಣ ಸಾಕ್ಷಿ ಹೇಳಿದ. ಮೂರು ತಿಂಗಳಿಗೆ ಮಾಲೀಕನ ಅರ್ಜಿ ವಜಾ ಆಯಿತು.

ಆ ಶನಿವಾರ ಕ್ಷೌರಿಕ ಹೆಂಡತಿಯೊಡನೆ ಗ್ರಂಥಾಲಯಕ್ಕೆ ಹೋದ. "ನಿಮಗೆ ಗಡ್ಡವೂ ಇಲ್ವಲ್ಲಮ್ಮ, ಈ ಋಣ ಹೆಂಗೆ ತೀರಿಸ್ಲಿ?"

ಟೀಚರಮ್ಮ ಗಟ್ಟಿಯಾಗಿ ನಕ್ಕರು. "ನಿನ್ನ ಕುರ್ಚೀಲಿ ದಿನಾ ಹತ್ತಿಪ್ಪತ್ತು ಜನ ಅಲ್ಲಾಡದೆ ಕೂರ್ತಾರೆ. ನೋಟಿಸು ಬಂದ್ರೆ ಇಲ್ಲಿಗೆ ಬನ್ನಿ ಅಂತ ಅವರಿಗೆ ಹೇಳು," ಎಂದವರೇ ಮುಂದಿನ ಮೇಜಿಗೆ ಹೋದರು. ಮೂವತ್ತೆಂಟು ವರ್ಷದಿಂದ ಅವರ ಶನಿವಾರಗಳು ಹೀಗೇ ಕಳೆದಿದ್ದವು.

"ಇನ್ಮೇಲೆ ಲಕೋಟೆ ಬಂದ್ರೆ ನಾನೇ ಒಡೀತೀನಿ," ಎಂದ ಕ್ಷೌರಿಕ ದಾರಿಯಲ್ಲಿ.

"ಒಡೆದ್ರೆ ಸಾಲ್ದು, ಓದು," ಎಂದಳು ಹೆಂಡತಿ.

ಓದುಗರೇ, ಕೋರ್ಟಿನ ನೋಟಿಸು ಬಂದರೆ ಬಾಗಿಲು ಹಾಕಿಕೊಳ್ಳಬೇಡಿ. ಸಹಿ ಹಾಕಿ ತೆಗೆದುಕೊಳ್ಳಿ, ತಾರೀಖು ನೋಡಿ, ಹತ್ತಿರದ ಉಚಿತ ಕಾನೂನು ನೆರವು ಕೇಂದ್ರಕ್ಕೆ ಅಂದೇ ಹೋಗಿ. ನಿಮಗಾಗಿ ದುಡಿಯುವವರು ಅಲ್ಲಿದ್ದಾರೆ. ಆದರೆ ನಿಮ್ಮ ಸತ್ಯ ಅವರಿಗೆ ಗೊತ್ತಿಲ್ಲ. ಅದನ್ನು ನೀವೇ ಹೋಗಿ ಹೇಳಬೇಕು.